ಸರ್ವರ್ ಡೌನು, ಸ್ವಾಮೀ

ಹೋದ ತಿಂಗಳು ಒಂದು ಹಾಳೆಗಾಗಿ ಒಂದು ಕಚೇರಿಗೆ ಹೋಗಿದ್ದೆ. ಯಾವ ಹಾಳೆ, ಯಾವ ಕಚೇರಿ ಎಂದು ಕೇಳಬೇಡಿ. ಬರುವ ವಾರ ಮತ್ತೆ ಅಲ್ಲಿಗೇ ಹೋಗಬೇಕಾಗಿದೆ. ಗಾಜಿನ ಹಿಂದೆ ಕೂತಿದ್ದ ಹುಡುಗಿ ಪರದೆಯಿಂದ ಕಣ್ಣು ಕೀಳದೆ ಎರಡೇ ಮಾತು ಹೇಳಿದಳು: “ಸರ್ವರ್ ಡೌನು.” ನನ್ನ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ಎಲೆಯಡಿಕೆ ಸಂಚಿ ಬಿಚ್ಚುತ್ತಾ, “ಅಯ್ಯೋ ಪಾಪ, ಏನಾಯ್ತಂತಪ್ಪಾ ಅವನಿಗೆ? ಮೊನ್ನೆ ಬಂದಾಗಲೂ ಹುಷಾರಿರಲಿಲ್ಲ” ಅಂದರು. ಸಾಲಿಗೆ ಸಾಲೇ ನಕ್ಕಿತು. ಗಾಜಿನ ಹಿಂದಿನ ಹುಡುಗಿಯೂ ನಕ್ಕಳು ಅನ್ನಿ. ಹಾಳೆ ಮಾತ್ರ ಸಿಗಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯಿತು. ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿದೆ? ಈ ಸರ್ವರ್ ಎಂಬಾತನನ್ನು ನಮ್ಮಲ್ಲಿ ಯಾರು ಕಣ್ಣಾರೆ ಕಂಡಿದ್ದೇವೆ? ಅವನು ಮಲಗಿದ ದಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಇಲ್ಲ, ಬ್ಯಾಂಕಿನಲ್ಲಿ ಪಾಸ್‌ಬುಕ್ಕಿಗೆ ಎಂಟ್ರಿ ಇಲ್ಲ. ಒಳ್ಳೆ ಮುಹೂರ್ತ ನೋಡಿಕೊಂಡು ಸೈಟು ರಿಜಿಸ್ಟರ್ ಮಾಡಿಸಲು ಹೋದವರಿಗೆ ಅಲ್ಲೇ ರಾಹುಕಾಲ. ಹಿಂದೆ ಅಮಲ್ದಾರರಿಗೂ ಇಷ್ಟು ಅಧಿಕಾರ ಇದ್ದಿರಲಾರದು.

ನಾನು ಬಲ್ಲ ಸರ್ವರ್ ಬೇರೆ. ಅವನು ಹಳೇ ಉಡುಪಿ ಹೋಟೆಲಿನ ಮಾಣಿ. ಬೆಂಗಳೂರು, ಮೈಸೂರು ಕಡೆ ಸಪ್ಲೈಯರ್ ಅನ್ನುತ್ತಿದ್ದರು. ದರ್ಶಿನಿಗಳಲ್ಲಿ ನಿಂತು ತಿನ್ನುವ ಈಗಿನ ಹುಡುಗರಿಗೆ ಅವನ ಪರಿಚಯವೇ ಇಲ್ಲ. ಹೆಗಲ ಮೇಲೊಂದು ಒರೆಸುವ ಬಟ್ಟೆ. “ಏನಿದೆಯಪ್ಪಾ?” ಎಂದರೆ ಇಡ್ಲಿಯಿಂದ ಹಿಡಿದು ಬಾದಾಮಿ ಹಾಲಿನವರೆಗೆ ಒಂದೇ ಉಸಿರಿನಲ್ಲಿ ಸಹಸ್ರನಾಮ ಹೇಳುತ್ತಿದ್ದ. ನಾವು ಭಕ್ತಿಯಿಂದ ಪೂರ್ತಿ ಕೇಳಿ ಕೊನೆಗೆ “ಒಂದು ಮಸಾಲೆ” ಅನ್ನುತ್ತಿದ್ದೆವು, ಅದು ಬೇರೆ ವಿಷಯ. ಎಡಗೈಯ ಮೇಲೆ ಮೊಣಕೈವರೆಗೆ ತಟ್ಟೆ ಜೋಡಿಸಿಕೊಂಡು ಬಂದರೂ ಮೂರನೇ ಟೇಬಲ್ಲಿನ ವಡೆ ನಾಲ್ಕನೇ ಟೇಬಲ್ಲಿಗೆ ಹೋಗುತ್ತಿರಲಿಲ್ಲ. ನಾವು ತಿಂದು ಎದ್ದರೆ ಅಲ್ಲಿಂದಲೇ ಗಲ್ಲಾದ ಮೇಲಿನ ಯಜಮಾನರಿಗೆ ಕೂಗು: “ಕನ್ನಡಕದವರು ಮೂರು ಎಂಬತ್ತು!” ಯಾರು ಎಷ್ಟು ತಿಂದರೆಂಬುದು ಹೋಟೆಲಿಗೆಲ್ಲ ಗೊತ್ತು. ಗೋಪ್ಯತೆ ಎಂಬ ಪದ ಆಗಿನ್ನೂ ನಿಘಂಟಿನಲ್ಲೇ ಇತ್ತು, ಹೊರಗೆ ಬಂದಿರಲಿಲ್ಲ.

ಕಂಪ್ಯೂಟರ್ ಓದಿರುವ ನನ್ನ ತಂಗಿಯ ಮಗನ ಹತ್ತಿರ ಇದನ್ನು ಹೇಳಿದೆ. “ಮಾವ, ನೀವು ಹೇಳಿದ್ದೇ ನಮ್ಮ ಪುಸ್ತಕದ ಮೊದಲನೇ ಪಾಠ” ಅಂದ. ಕೇಳುವ ಯಂತ್ರ ಗಿರಾಕಿ, ಅದೇ ಕ್ಲೈಂಟು. ತಂದುಕೊಡುವ ಯಂತ್ರ ಮಾಣಿ. ಅಡುಗೆಮನೆ ಡೇಟಾಬೇಸ್, ಅದರೊಳಕ್ಕೆ ಗಿರಾಕಿ ನುಗ್ಗುವಂತಿಲ್ಲ, ಏನಿದ್ದರೂ ಮಾಣಿಯ ಮೂಲಕವೇ. ಹಾಗಾದರೆ ಡೌನು ಅಂದರೇನು ಎಂದೆ. ಅವನು ಬೆರಳು ಮಡಚತೊಡಗಿದ. ಮಾಣಿಗೇ ಜ್ವರ ಬಂದಿರಬಹುದು. ಅಡುಗೆಮನೆ ಬಾಗಿಲು ತೆರೆಯದೆ ಇರಬಹುದು. ಭಾನುವಾರ ಬೆಳಿಗ್ಗೆ ಒಬ್ಬ ಮಾಣಿಗೆ ಇನ್ನೂರು ಜನ ಒಟ್ಟಿಗೆ ಕೂಗಿದ್ದರಿಂದ ತಲೆ ಕೆಟ್ಟು ಕೂತಿರಬಹುದು. ಅಥವಾ ಮಾಣಿ, ಅಡುಗೆಮನೆ ಎರಡೂ ಸರಿಯಾಗಿದ್ದು, ನಡುವೆ ರಸ್ತೆ ಅಗೆಯುವ ಜೇಸೀಬಿಯವನು ಕೇಬಲ್ ಕತ್ತರಿಸಿ, ಮಣ್ಣು ಮುಚ್ಚಿ, ಊಟಕ್ಕೆ ಹೋಗಿರಬಹುದು. ಬೈಗುಳ ಮಾತ್ರ ಯಾವಾಗಲೂ ಮಾಣಿಗೇ.

ಹೋಟೆಲಿನ ಮಾತು ಬಂತಲ್ಲ, ಇಲ್ಲೊಂದು ಕೇಳಿ. ವ್ಯಾಪಾರದ ದಿನನಿತ್ಯದ ಲೆಕ್ಕಕ್ಕೆ ಕಂಪ್ಯೂಟರನ್ನು ಮೊಟ್ಟಮೊದಲು ದುಡಿಸಿದವರು ಯಾರಿರಬಹುದು? ಬ್ಯಾಂಕಿನವರು ಅಂದುಕೊಂಡಿರಿ ತಾನೆ? ಅಲ್ಲ, ಟೀ ಅಂಗಡಿಯವರು! ಇಂಗ್ಲೆಂಡಿನಲ್ಲಿ ಜೆ. ಲಯನ್ಸ್ ಎಂಬ ಕಂಪನಿ. ಊರೂರಿಗೆ ಟೀ ಅಂಗಡಿ, ಕೇಕು, ಬನ್ನು. ಅವರು ಲಿಯೋ ಎಂಬ ಯಂತ್ರವನ್ನು ತಾವೇ ಕಟ್ಟಿ, 1951ರಲ್ಲಿ ಬೇಕರಿಯ ಲೆಕ್ಕಕ್ಕೆ ಹಚ್ಚಿದರು. ಕೋಣೆ ತುಂಬ ಸಾವಿರಾರು ವಾಲ್ವುಗಳು, ನೆನಪಿಗೆ ಪಾದರಸ ತುಂಬಿದ ಕೊಳವೆಗಳು, ಅಷ್ಟೆಲ್ಲ ಸಂಭ್ರಮ ಬನ್ನಿನ ಅಸಲು ಎಷ್ಟು ಬಿತ್ತೆಂದು ತಿಳಿಯಲಿಕ್ಕೆ. ಕೆಲವು ವರ್ಷದಲ್ಲಿ ಅಂಗಡಿಗಳ ಮರುದಿನದ ಬೇಡಿಕೆಯನ್ನೂ ಅದಕ್ಕೇ ವಹಿಸಿದರು. ಅಲ್ಲಿ ಒಂದು ಜಾಣತನ ನೋಡಿ. ಪ್ರತಿ ಅಂಗಡಿಗೂ ಇಷ್ಟಿಷ್ಟು ಎಂದು ಕಾಯಂ ಪಟ್ಟಿ ಇರುತ್ತಿತ್ತು. ಅಂಗಡಿಯ ಹೆಂಗಸು ಫೋನು ಮಾಡಿ ಬದಲಾವಣೆ ಇದ್ದಷ್ಟನ್ನು ಮಾತ್ರ ಹೇಳಬೇಕು.

ಇದು ನಮ್ಮ ಹಾಲಿನ ವರ್ತನೆಯೇ ಅಲ್ಲವೇ? ಹಾಲಿನವನಿಗೆ ದಿನಾ ಬೆಳಿಗ್ಗೆ “ಒಂದು ಲೀಟರ್ ಕೊಡು” ಎಂದು ಯಾರೂ ಹೇಳುವುದಿಲ್ಲ. “ನಾಳೆ ಬೀಗರು ಬರ್ತಾರೆ, ಅರ್ಧ ಜಾಸ್ತಿ ಹಾಕಪ್ಪಾ” ಎಂದರೆ ಮುಗಿಯಿತು. ಬೀಗರು ಬರುವುದಷ್ಟೇ ಸುದ್ದಿ. ದಿನದ ಒಂದು ಲೀಟರ್ ಸುದ್ದಿಯಲ್ಲ.

ನಮ್ಮ ಬೀದಿಯ ಶೆಟ್ಟರ ಅಂಗಡಿಯಲ್ಲೂ ವರ್ತನೆ ಪುಸ್ತಕ ಇತ್ತು. ಉದ್ದನೆಯದು, ಕೆಂಪು ಬಟ್ಟೆಯ ರಟ್ಟು, ಎಣ್ಣೆ ಕೈಯ ಗುರುತು. ಅದರಲ್ಲಿ ಬರೆದಿದ್ದೆಲ್ಲ ಬೇಳೆ, ಬೆಲ್ಲ, ಸೀಗೆಕಾಯಿಯ ಲೆಕ್ಕ. ಅದನ್ನು ಡೇಟಾ ಎನ್ನಬೇಕಂತೆ. ಆದರೆ “ಮೇಷ್ಟ್ರು ಒಂದನೇ ತಾರೀಕು ತಪ್ಪಲ್ಲ; ಕಂಟ್ರಾಕ್ಟರು ಯುಗಾದಿ ತನಕ ಎಳೀತಾರೆ; ಮೂಲೆಮನೆಯವರಿಗೆ ಸಕ್ಕರೆ ಜಾಸ್ತಿ ಹೋಗ್ತಿದೆ, ಹೆಣ್ಣು ನೋಡೋಕೆ ಯಾರೋ ಬರೋ ಹಾಗಿದೆ” ಎಂಬುದಿತ್ತಲ್ಲ, ಅದು ಮಾಹಿತಿ. ಅದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ, ಶೆಟ್ಟರ ತಲೆಯಲ್ಲಿತ್ತು. ಈಗ ಮೊಬೈಲಿನಲ್ಲಿ ನಾನು ಒಂದು ಸಲ ಮೊಣಕಾಲಿನ ಪಟ್ಟಿ ಹುಡುಕಿದ್ದಕ್ಕೆ ತಿಂಗಳು ಪೂರ್ತಿ ಊರುಗೋಲು ತೋರಿಸುತ್ತಾರೆ. ಶೆಟ್ಟರು ಇಷ್ಟು ಒರಟಾಗಿರಲಿಲ್ಲ. ನಮ್ಮ ಮನೆಯ ಕಷ್ಟ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವುದು ಅವರಿಗೆ ತಿಳಿದಿತ್ತು.

ಪುಸ್ತಕದ ಮಾತಿಗೆ ನೆನಪಾಯಿತು. ಕಂಪ್ಯೂಟರಿನ ಫೈಲಿಗೆ ಕನ್ನಡದಲ್ಲಿ ಕಡತ ಅನ್ನುತ್ತೇವೆ. ಮೂಲದ ಕಡತವನ್ನು ನೋಡಿದ್ದೀರಾ? ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು, ಕಪ್ಪಗೆ ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ. ಬಳಪದಲ್ಲಿ ಬರೆಯುವುದು. ಶೃಂಗೇರಿ ಮಠದಲ್ಲಿ ಇಂಥವು ಬೇಕಾದಷ್ಟಿವೆ. ಒರೆಸಿದರೆ ಹೋಗುತ್ತದೆ, ಮತ್ತೆ ಬರೆಯಬಹುದು. ಅಳಿಸಿ ಬರೆಯುವ ಡಿಸ್ಕು ನಮ್ಮ ಶಾನುಭೋಗರ ಕಂಕುಳಲ್ಲೇ ಇತ್ತು, ತಿಳಿಯಿತೇ? ಅವರ ಕೈ ಒರೆಸುವುದರಲ್ಲೂ ಚೆನ್ನಾಗಿ ಪಳಗಿತ್ತು ಎಂದು ಹಳಬರು ಹೇಳುತ್ತಾರೆ. ನಾನು ಹೇಳುವುದಿಲ್ಲ, ನಮ್ಮ ತಾಯಿಯ ಕಡೆಯವರು ಶಾನುಭೋಗಿಕೆಯವರು.

ವಂಶಪಾರಂಪರ್ಯದ ಶಾನುಭೋಗಿಕೆ 1960ರ ದಶಕದಲ್ಲಿ ಹೋಯಿತು, ಗ್ರಾಮ ಲೆಕ್ಕಿಗರು ಬಂದರು. ಪಹಣಿ ಮಾತ್ರ ಕೈಬರಹದಲ್ಲೇ ಉಳಿಯಿತು. ಶತಮಾನ ತಿರುಗುವ ಹೊತ್ತಿಗೆ ಭೂಮಿ ಯೋಜನೆ ಬಂದು ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಎರಡು. ಖಾತೆ ಬದಲಾವಣೆಯ ಅರ್ಜಿ ಮೊದಲು ಬಂದದ್ದು ಮೊದಲು; ಸಾಹುಕಾರರ ಅರ್ಜಿಯನ್ನು ಮೇಲಕ್ಕೆ ಜಾರಿಸಲು ಯಂತ್ರ ಬಿಡದು. ಇನ್ನೊಂದು, ಅಧಿಕಾರಿಯೇ ಬೆರಳೊತ್ತಿ ಒಳಗೆ ಹೋಗಬೇಕು. ಆಮೇಲೆ “ಮಾಡಿದ್ದು ನಾನಲ್ಲ” ಅನ್ನುವ ಹಾಗಿಲ್ಲ. ಅಷ್ಟು ವರ್ಷ ರೈತನ ಹೆಬ್ಬೆಟ್ಟು ಒತ್ತಿಸಿಕೊಂಡವರು ತಾವೇ ಹೆಬ್ಬೆಟ್ಟು ಒತ್ತುವ ಕಾಲ ಬಂತಲ್ಲ ಎಂದು ನಮ್ಮ ಚಿಕ್ಕಪ್ಪ ವಾರಗಟ್ಟಲೆ ಖುಷಿಯಾಗಿದ್ದರು.

ಎಲ್ಲಿಂದ ಎಲ್ಲಿಗೋ ಹೋದೆ. ಜಾಲದ ವಿಷಯ ಹೇಳಬೇಕಿತ್ತು. ನೆಟ್‌ವರ್ಕ್ ಅಂದರೆ ಮೊಬೈಲಿನ ತುದಿಯ ನಾಲ್ಕು ಕಡ್ಡಿ ಅಂದುಕೊಂಡಿದ್ದೆ. ಅಳಿಯ ಹೇಳಿದ, ಅಲ್ಲ ಮಾವ, ಅದು ಮದುವೆ ದಿಬ್ಬಣ. ಅರವತ್ತು ಜನರಿಗೆ ಒಂದೇ ಬಸ್ಸು ಸಿಗಲಿಲ್ಲ ಅನ್ನಿ. ಐದು ಜನ ಜೀಪಿನಲ್ಲಿ, ಹತ್ತು ಜನ ಟೆಂಪೋದಲ್ಲಿ, ಇಬ್ಬರು ಬೈಕಿನಲ್ಲಿ. ಎಲ್ಲರ ಕೈಯಲ್ಲೂ ಛತ್ರದ ವಿಳಾಸ, ಎಲ್ಲರಿಗೂ ಒಂದೊಂದು ನಂಬರು. ಒಂದು ದಾರಿ ಕಟ್ಟಿದರೆ ಇನ್ನೊಂದು ದಾರಿ. ಬರುವಾಗ ಹಿಂದುಮುಂದಾಗಿ ಬರುತ್ತಾರೆ. ತಾಳಿ ಇಟ್ಟುಕೊಂಡಿರುವ ಅತ್ತೆ ಎಲ್ಲರಿಗಿಂತ ಕೊನೆಗೇ ಬರುತ್ತಾರೆ. ಛತ್ರದ ಬಾಗಿಲಲ್ಲಿ ಒಬ್ಬ ಹಿರಿಯರು ತಲೆ ಎಣಿಸಿ, ಸಾಲಾಗಿ ಕೂರಿಸಿ, ಹದಿನೇಳನೇ ನಂಬರು ಬಂದಿಲ್ಲವೆಂದರೆ ಮತ್ತೆ ಕಳಿಸಿ ಎಂದು ಹೇಳಿಕಳಿಸುತ್ತಾರೆ. ನಮ್ಮ ಸಂದೇಶಗಳೂ ಹೀಗೇ ತುಂಡಾಗಿ ಹೋಗುತ್ತವಂತೆ. ಆ ತುಂಡಿಗೆ ಪ್ಯಾಕೆಟ್ ಎಂದು ಹೆಸರಿಟ್ಟವರು ಡೊನಾಲ್ಡ್ ಡೇವಿಸ್ ಎಂಬ ಬ್ರಿಟನ್ನಿನ ವಿಜ್ಞಾನಿ. ಎಣಿಸುವ ಹಿರಿಯರ ನಿಯಮಕ್ಕೆ ಟಿಸಿಪಿ ಎಂದು ಹೆಸರು. ವಿಂಟ್ ಸರ್ಫ್, ಬಾಬ್ ಕಾನ್ ಇಬ್ಬರೂ 1974ರಲ್ಲಿ ಅದನ್ನು ಬರೆದಿಟ್ಟರು. ನಿಯಮ ಚೆನ್ನಾಗಿಯೇ ಇದೆ. ಆದರೆ ನಿಜವಾದ ದಿಬ್ಬಣದಲ್ಲಿ ಕಳೆದುಹೋದ ಭಾವನಿಗೆ ಬದಲಾಗಿ ಮೂಲಪ್ರತಿಯಿಂದ ಇನ್ನೊಬ್ಬ ಭಾವನನ್ನು ಕಳಿಸಲು ಬರುವುದಿಲ್ಲವಲ್ಲ?

ದಿಬ್ಬಣ ಅಂದರೆ ಎತ್ತಿನ ಗಾಡಿಯೂ ಬರಬೇಕು. ನಮ್ಮ ದೇಶದ ಆಪಲ್ ಎಂಬ ಸಂಪರ್ಕ ಉಪಗ್ರಹವನ್ನು 1981ರಲ್ಲಿ ಬೆಂಗಳೂರಿನಲ್ಲಿ ಎತ್ತಿನ ಗಾಡಿಯ ಮೇಲೆ ಕೂರಿಸಿದ ಚಿತ್ರ ನೀವೂ ನೋಡಿರುತ್ತೀರಿ. ಲಾರಿಗೆ ದುಡ್ಡಿರಲಿಲ್ಲ ಎಂದು ಬಹಳ ಜನ ಮರುಗುತ್ತಾರೆ. ಕಾರಣ ಅದಲ್ಲ. ಆಂಟೆನಾ ಪರೀಕ್ಷೆಗೆ ಸುತ್ತ ಲೋಹ ಇರಬಾರದಿತ್ತು. ಮರದ ಗಾಡಿಯಷ್ಟು ಒಳ್ಳೆಯ ಉಪಾಯ ಇನ್ನೇನಿದೆ? ಎತ್ತುಗಳಿಗೆ ಯಾರಾದರೂ ಪ್ರಮಾಣಪತ್ರ ಕೊಡಬೇಕಿತ್ತು.

ಸರಿ, ಈ ಜಾಲದಲ್ಲಿ ಹೋದ ಮೊದಲ ಮಾತು ಯಾವುದು? 1969ರ ಅಕ್ಟೋಬರ್ 29, ರಾತ್ರಿ. ಅಮೆರಿಕದ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ, ಐನೂರು ಕಿಲೋಮೀಟರಿಗೂ ಆಚೆ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಯಂತ್ರಕ್ಕೆ ‘ಲಾಗಿನ್’ ಎಂದು ಇಂಗ್ಲಿಷಿನಲ್ಲಿ ಒತ್ತತೊಡಗಿದ. ಎಲ್ ಒತ್ತಿದ, ಹೋಯಿತು. ಓ ಒತ್ತಿದ, ಹೋಯಿತು. ಜಿ ಒತ್ತಿದ್ದೇ ತಡ, ಆ ಕಡೆಯ ಯಂತ್ರ ಮಲಗಿಬಿಟ್ಟಿತು. ಜಾಲ ಹುಟ್ಟಿದ ಮೊದಲ ರಾತ್ರಿಯೇ ಸರ್ವರ್ ಡೌನು! ಸುಮಾರು ಒಂದು ಗಂಟೆಯ ಮೇಲೆ ಎದ್ದು ಕೂತಿತಂತೆ. ಆದರೆ ಗಮನಿಸಿದಿರಾ, ಅಲ್ಲಿಯವರೆಗೆ ಆಚೆ ದಡ ಮುಟ್ಟಿದ್ದು ಎರಡೇ ಅಕ್ಷರ: ಎಲ್, ಓ. ಕೂಡಿಸಿ ಓದಿ: “ಲೋ!” ಇದರಲ್ಲಿ ಏನೇನೋ ದೈವವಾಣಿಯನ್ನು ಅಮೆರಿಕದವರು ಕಂಡಿದ್ದಾರೆ. ನನಗೆ ಸಂಶಯವೇ ಇಲ್ಲ, ಅದು ಅಪ್ಪಟ ಕನ್ನಡ. ಒಂದು ಯಂತ್ರ ಇನ್ನೊಂದನ್ನು ಕರೆದಿದೆ, ಅದು ಓಗೊಡುವ ಮೊದಲೇ ತಲೆ ತಿರುಗಿ ಬಿದ್ದಿದೆ. ಏಕವಚನದಲ್ಲಿ ಕರೆದದ್ದಕ್ಕೆ ಮುನಿಸು ಇರಬಹುದು. “ರೀ” ಅಂದಿದ್ದರೆ ನಿಲ್ಲುತ್ತಿತ್ತೋ ಏನೋ.

ಮೊನ್ನೆ ಕಾಫಿ ಅಂಗಡಿಯಲ್ಲಿ ನನಗೂ ಇಂಥದೇ ಆಯಿತು. ಫೋನಿನಲ್ಲಿ ಇಪ್ಪತ್ತು ರೂಪಾಯಿ ಕಳಿಸಿದೆ. ನನ್ನ ಖಾತೆಯಿಂದ ಹೋಯಿತು, ಅಂಗಡಿಯ ಡಬ್ಬಿ ಮಾತಾಡಲಿಲ್ಲ. ಅಂಗಡಿಯವನು ನನ್ನನ್ನು ನೋಡಿದ, ನಾನು ಡಬ್ಬಿಯನ್ನು ನೋಡಿದೆ. ಒಂದು ಕಡೆ ಖರ್ಚು ಬರೆದರೆ ಇನ್ನೊಂದು ಕಡೆ ಜಮಾ ಬರೆಯಲೇಬೇಕೆಂದು ಇಟಲಿಯ ಲೂಕಾ ಪಚೋಲಿ ಎಂಬ ಸನ್ಯಾಸಿ 1494ರಲ್ಲೇ ಪುಸ್ತಕ ಅಚ್ಚು ಹಾಕಿಸಿ ಹೇಳಿದ್ದಾನೆ, ವೆನಿಸಿನ ವರ್ತಕರು ಅದಕ್ಕೂ ಮುಂಚೆಯೇ ಹಾಗೆ ಬರೆಯುತ್ತಿದ್ದರು ಎಂದೆಲ್ಲ ಅವನಿಗೆ ವಿವರಿಸೋಣ ಅನ್ನಿಸಿತು. ಹಿಂದೆ ಜನ ನಿಂತಿದ್ದರು, ಬಿಟ್ಟೆ. ಅಷ್ಟರಲ್ಲಿ ಡಬ್ಬಿ ಗಂಟಲು ಸರಿಮಾಡಿಕೊಂಡು ಅಂಗಡಿಗೆಲ್ಲ ಕೇಳುವಂತೆ ಕೂಗಿತು: “ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ!” ನನಗೆ ಮೈ ಜುಮ್ಮೆಂದಿತು. ಗಲ್ಲಾದ ಕಡೆ ಕೂಗುವ ಅದೇ ಹಳೇ ಮಾಣಿ! ‘ಕನ್ನಡಕದವರು’ ಎನ್ನುವುದೊಂದು ಬಾಕಿ.

ಹಾಳೆ ಇನ್ನೂ ಬಂದಿಲ್ಲ. ಮನೆಯಲ್ಲೇ ಕೂತು ಮೊಬೈಲಿನಲ್ಲಿ ತೆಗೆದುಕೊಳ್ಳಬಹುದು ಎಂದು ಅಳಿಯ ಹೇಳಿ, ಒತ್ತಿಯೂ ತೋರಿಸಿದ. ಪರದೆಯ ನಡುವೆ ಒಂದು ಚಕ್ರ ಮುಕ್ಕಾಲು ಗಂಟೆ ತಿರುಗಿತು, ಕೊನೆಗೆ ಅವನೇ ಎದ್ದು ಕ್ರಿಕೆಟ್ಟಿಗೆ ಹೋದ. ಬರುವ ಸೋಮವಾರ ನಾನೇ ಹೋಗುತ್ತೇನೆ. ನಿಮಗೂ ಅಲ್ಲಿ ಕೆಲಸವಿದ್ದರೆ ಹತ್ತೂವರೆಯೊಳಗೆ ಬಂದುಬಿಡಿ, ಮಧ್ಯಾಹ್ನದ ಮೇಲೆ ಅವನು ಏಳುವುದಿಲ್ಲ. ಬರುವಾಗ ಎಲೆಯಡಿಕೆ ತನ್ನಿ.