ಸತ್ಯಮಂಗಲದಿಂದ ಮುತ್ತುರಾಜನ ಊರಿಗೆ

ನಮ್ಮದು ಹವ್ಯಾಸಿ ತಂಡ. ಹಗಲು ಆಫೀಸು, ಸಂಜೆ ತಾಲೀಮು. ಈ ಸಲ ಕೈಹಾಕಿದ್ದು ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ಪ್ರಹಸನಕ್ಕೆ. 1895ರ ಫೆಬ್ರವರಿ 14ರಂದು ಲಂಡನ್ನಿನಲ್ಲಿ ಮೊದಲು ರಂಗಕ್ಕೇರಿದ ನಾಟಕ. ನಾಯಕ ಹಳ್ಳಿಯಲ್ಲಿ ಜಾಕ್, ಪಟ್ಟಣದಲ್ಲಿ ಅರ್ನೆಸ್ಟ್. ಅರ್ನೆಸ್ಟ್ ಎಂದರೆ ಹೆಸರೂ ಹೌದು, ಪ್ರಾಮಾಣಿಕ ಎಂದೂ ಕೇಳಿಸುತ್ತದೆ. ಆ ಶ್ಲೇಷೆಗೆ ಕನ್ನಡದಲ್ಲಿ ನಾವು ಹುಡುಕಿಕೊಂಡ ಹೆಸರು ‘ಸತ್ಯ’. ಸೌತೆಕಾಯಿ ಸ್ಯಾಂಡ್‌ವಿಚ್ ಜಾಗಕ್ಕೆ ಕೋಡುಬಳೆ ಬಂತು. ಅತ್ತೆ ಪಾತ್ರದವರು ಬರುವಷ್ಟರಲ್ಲಿ ತಟ್ಟೆಯಲ್ಲಿ ಬರೀ ಪುಡಿ. ನಾಟಕದಲ್ಲೂ ಹಾಗೇ ಆಗಬೇಕಾದ್ದರಿಂದ ಯಾರನ್ನೂ ಬೈಯುವಂತಿರಲಿಲ್ಲ!

ಜಾಕನ ಹಳ್ಳಿ ಯಾವುದೆಂಬುದು ಮಾತ್ರ ಬಗೆಹರಿದಿರಲಿಲ್ಲ. ಅದನ್ನೇ ತಲೆಯಲ್ಲಿಟ್ಟುಕೊಂಡು ಸತ್ಯಮಂಗಲದಲ್ಲಿ ತಾಳವಾಡಿ ಬಸ್ಸು ಹತ್ತಿದೆ.

ಬಣ್ಣಾರಿ ಅಮ್ಮನ ಗುಡಿ ದಾಟಿದರೆ ದಿಂಬಂ ಘಾಟಿ, 27 ಹೇರ್‌ಪಿನ್ ತಿರುವು. ಎದುರು ಬಂದ ಲಾರಿಗೆ ದಾರಿ ಬಿಡಲು ಬಸ್ಸು ಹಿಂದಕ್ಕೆ ಸರಿಯಿತು. ಕಿಟಕಿಯಿಂದ ಬಗ್ಗಿ ನೋಡಿದೆ, ನೆಲವೇ ಇಲ್ಲ! ಎಲ್ಲೋ ಪಾತಾಳದಲ್ಲಿ ಬಯಲು, ಭವಾನಿಯ ಪಟ್ಟೆಪಟ್ಟೆ ಜಮಖಾನ ಹಾಸಿದ ಹಾಗೆ. ಒಂದೊಂದು ತಿರುವಿಗೂ ಗಾಳಿ ತಣ್ಣಗಾಯಿತು. ನನ್ನನ್ನು ಬೆರಗಾಗಿಸಿದ್ದು ಇನ್ನೊಂದು. ಕೆಳಗೆ ತಮಿಳಿನಲ್ಲಿ ಗದರುತ್ತಿದ್ದ ಕಂಡಕ್ಟರು ಹಾಸನೂರಿನ ಆಚೆ ಹತ್ತಿದ ಅಜ್ಜಿಗೆ “ಒಳೀಕ್ ಬನ್ನಿ ಅವ್ವ” ಅಂದ. ಹವೆಯ ಜೊತೆಗೆ ಭಾಷೆಯೂ ಬದಲಾಗಿತ್ತು.

ತಾಳವಾಡಿಯ ಬೋರ್ಡುಗಳಲ್ಲಿ ತಮಿಳು, ಜನರ ಬಾಯಲ್ಲಿ ಕನ್ನಡ. ಟೀ ಅಂಗಡಿಯ ಹಿರಿಯರನ್ನು, ನಿಮ್ಮದು ಯಾವ ರಾಜ್ಯ ಅನ್ನಬೇಕು ಎಂದು ಕೆಣಕಿದೆ. “ರೇಷನ್ ಕಾರ್ಡ್‌ಗೆ ತಮಿಳ್ನಾಡು ಸಾ, ಜಗಳಕ್ಕೆ ಕನ್ನಡ” ಅಂದರು. ವೈಲ್ಡ್ ಇದ್ದಿದ್ದರೆ ಆ ಮಾತನ್ನು ಬರೆದಿಟ್ಟುಕೊಳ್ಳುತ್ತಿದ್ದ.

ಅಲ್ಲಿಂದ ದೊಡ್ಡಗಾಜನೂರಿಗೆ. ಕೆಂಪು ಮಣ್ಣಿನ ಹೊಲಗಳ ನಡುವೆ ಸಣ್ಣ ಊರು. ಅಲ್ಲೊಂದು ಹೆಂಚಿನ ಮನೆಯ ಮುಂದೆ ಸುಮ್ಮನೆ ನಿಂತೆ. ರಂಗನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರಿಗೆ 1929ರ ಏಪ್ರಿಲ್ 24ರಂದು ಹುಟ್ಟಿದ ಮಗನಿಗೆ ಮುತ್ತತ್ತಿರಾಯನ ಹೆಸರಿಟ್ಟು ಮುತ್ತುರಾಜ ಎಂದು ಕರೆದ ಊರಿದು. ಗುಬ್ಬಿ ಕಂಪನಿಯಲ್ಲಿ ಅಪ್ಪನ ಜೊತೆ ಬಣ್ಣ ಹಚ್ಚಿದ ಆ ಹುಡುಗನಿಗೆ 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಇನ್ನೊಂದು ಹೆಸರಿಟ್ಟರು: ರಾಜ್‌ಕುಮಾರ್. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಅವರನ್ನು ಹೊತ್ತೊಯ್ದದ್ದೂ ಗಾಜನೂರಿನಿಂದಲೇ. ಮರಳಿದ್ದು 108 ದಿನಗಳ ಮೇಲೆ.

ಎರಡು ಹೆಸರು ನಿಭಾಯಿಸಲು ವೈಲ್ಡನ ನಾಯಕ ನಾಟಕದುದ್ದಕ್ಕೂ ಸುಳ್ಳು ಹೇಳಬೇಕು. ಈ ಬೆಟ್ಟದ ಮೇಲೆ ಊರಿಗೇ ಎರಡು ಭಾಷೆ, ಮಗನಿಗೆ ಎರಡು ಹೆಸರು. ಯಾರೂ ಸುಳ್ಳು ಹೇಳಿಲ್ಲ. ಬೀದಿಯಲ್ಲೇ ನಿಂತು, ನಾಟಕದ ಪ್ರತಿಯಲ್ಲಿ ಜಾಕನ ಹಳ್ಳಿಗೆಂದು ಖಾಲಿ ಬಿಟ್ಟ ಜಾಗದಲ್ಲಿ ‘ತಾಳವಾಡಿ’ ಎಂದು ಬರೆದೆ.

ನೀವು ಹೋಗುವುದಾದರೆ ಬೆಳಗಿನ ಬಸ್ಸಿಗೇ ಹೊರಡಿ. ಕಾಡುಪ್ರಾಣಿಗಳಿಗಾಗಿ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ.