ಎಡಗಡೆಯ ಪರದೆ

'500 ಡೇಸ್ ಆಫ್ ಸಮ್ಮರ್' ಮತ್ತೆ ನೋಡಿ ಈಗಷ್ಟೇ ಮುಗಿಸಿದೆ. ನಿದ್ದೆ ಬರ್ತಿಲ್ಲ, ಅದಕ್ಕೇ ಬರೀತಿದ್ದೀನಿ.

ಮಾರ್ಕ್ ವೆಬ್ ನಿರ್ದೇಶನದ 2009ರ ಸಿನಿಮಾ. ಕಾಲೇಜಲ್ಲಿದ್ದಾಗ ನೋಡಿ ನಾಯಕಿ ಸಮ್ಮರ್ ಮೇಲೆ ಸಿಕ್ಕಾಪಟ್ಟೆ ಕೋಪ ಬಂದಿತ್ತು. ಪಾಪ ಟಾಮ್, ಅಷ್ಟು ಪ್ರೀತಿಸ್ತಾನೆ, ಇವಳು ಕೈಕೊಟ್ಟು ಹೋದಳಲ್ಲ ಅಂತ. ಇವತ್ತು ನೋಡಿದ್ರೆ, ಅವಳು ಶುರುವಲ್ಲೇ ಹೇಳಿಬಿಟ್ಟಿದ್ದಾಳೆ! ಫರ್ನಿಚರ್ ಅಂಗಡಿಯಲ್ಲಿ ಇಬ್ಬರೂ ಸಂಸಾರದ ಆಟ ಆಡ್ಕೊಂಡು ನಗ್ತಿರುವಾಗಲೇ, ನನಗೆ ಸೀರಿಯಸ್ ಆಗಿ ಏನೂ ಬೇಡ ಅಂತ. ಅವನು ಸರಿ ಅಂತಾನೆ. ಆದ್ರೆ ಕಿವಿಗೆ ಹಾಕ್ಕೊಳ್ಳೋದೇ ಇಲ್ಲ.

ಆ ಟೆರೇಸ್ ಪಾರ್ಟಿ ನೆನಪಿದೆಯಾ? ಪರದೆ ಎರಡು ಭಾಗ ಆಗುತ್ತೆ. ಎಡಗಡೆ ಅವನು ಅಂದುಕೊಂಡಿದ್ದು, ಬಲಗಡೆ ನಿಜವಾಗಿ ಆಗಿದ್ದು. ಎಡಗಡೆ ಇಬ್ಬರೇ ಹತ್ತಿರ ಕೂತು ಮಾತು. ಬಲಗಡೆ ಅವನೊಬ್ಬನೇ ಗ್ಲಾಸ್ ಹಿಡಿದು ನಿಂತಿದ್ದಾನೆ, ಅವಳು ಯಾರಿಗೋ ಬೆರಳಿನ ಉಂಗುರ ತೋರಿಸ್ತಿದ್ದಾಳೆ. ಅಷ್ಟೇ, ಬಲಗಡೆಯದ್ದು ಹಿಗ್ಗಿ ಇಡೀ ಪರದೆ ತುಂಬಿಕೊಳ್ಳುತ್ತೆ. ಎದೆ ಧಸಕ್ಕಂತು.

ಈಗ ಎಷ್ಟೋ ಜನರ ಫೋನಲ್ಲಿ ಓಡ್ತಿರೋದು ಎಡಗಡೆಯ ಪರದೆಯೇ. ಬ್ಲೂ ಟಿಕ್ ಬಂತು, ಸ್ಟೋರಿ ನೋಡಿದಳು, ಒಂದು ಹಾರ್ಟ್ ಒತ್ತಿದಳು, ಅಷ್ಟರ ಮೇಲೇ ಮದುವೆ ಮಂಟಪ. ನಾನೂ ಎರಡು ವರ್ಷ ಹಾಗೇ ಕಾದವನು. ಆ ನೋವು ಸುಳ್ಳಲ್ಲ, ಯಾರೂ ಅದನ್ನ ಹಗುರ ಮಾಡಬೇಡಿ. ಆದ್ರೆ ಒಲ್ಲೆ ಅಂದವಳನ್ನ ಕಲ್ಲುಮನಸ್ಸಿನವಳು ಅನ್ನೋದು ಅನ್ಯಾಯ.

ನೋಡಿದವರು ಹೇಳಿ, ಮೊದಲ ಸಲ ಯಾರ ಪರ ಇದ್ರಿ? ಈಗ?