ಮೂರು ದಿನದ ಊರು

ಪರದೇಶದ ಪ್ರಯಾಣವು ವಿಮಾನವನ್ನೇರಿದಂದು ಮೊದಲಾಗುವುದೆಂದು ಹೇಳುವವರುಂಟು. ಅದು ಪೂರ್ತಿ ನಿಜವಲ್ಲ. ಮನೆಯ ಪಡಸಾಲೆಯಲ್ಲಿ ಒಂದು ಹಾಳೆ ಕಾಗದವನ್ನೂ ಒಂದು ಪೆನ್ಸಿಲನ್ನೂ ಮುಂದಿಟ್ಟುಕೊಂಡು, ಅಲ್ಲಿ ನೋಡತಕ್ಕದ್ದೇನು, ಬಿಡತಕ್ಕದ್ದೇನು ಎಂದು ಗಂಡಹೆಂಡಿರು ಚರ್ಚೆಗೆ ಕುಳಿತ ಸಂಜೆಯೇ ಅದು ಮೊದಲಾಗುವುದು. ಎಷ್ಟೋ ಮನೆಗಳಲ್ಲಿ ಅಲ್ಲಿಯೇ ಮುಗಿದೂ ಹೋಗುವುದು.

ಧಾರವಾಡದ ಒಂದು ಮನೆಯಲ್ಲಿ ಅಂಥ ಚರ್ಚೆಯು ಹದಿನೈದು ದಿನ ನಡೆಯಿತು. ಮನೆಯ ಯಜಮಾನರಾದ ರಾಯರು ಕನ್ನಡದ ಅಧ್ಯಾಪಕರಾಗಿದ್ದು ನಿವೃತ್ತರಾದವರು. ಅವರ ಪತ್ನಿ ಮೂವತ್ತು ವರ್ಷ ಜೀವಶಾಸ್ತ್ರವನ್ನು ಕಲಿಸಿದವರು. ಮಗಳು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಉದ್ಯೋಗದಲ್ಲಿರುವಳು. ಆರು ವಾರ ತನ್ನಲ್ಲಿದ್ದು ಹೋಗಬೇಕೆಂದು ಅವಳ ಆಗ್ರಹ. ಅವಳಿಗೆ ಸಿಕ್ಕುವ ರಜೆಯಾದರೋ ಅಲ್ಪ. ಆದುದರಿಂದ ಆ ದೇಶದ ಹಳೆಯ ಕಾಲದ ಒಂದು ಊರನ್ನು ಆರಿಸಿಕೊಂಡು ಮೂರು ದಿನ ಅಲ್ಲಿ ಇದ್ದು ಬರುವುದೆಂದು ಒಪ್ಪಂದವಾಯಿತು. ವೀಸಾದ ಕಾಗದಪತ್ರ, 30 ಸಾವಿರ ಯೂರೋಗಳಿಗೆ ಕಡಿಮೆಯಿಲ್ಲದ ವಿಮೆ ಮೊದಲಾದವುಗಳನ್ನು ಮಗಳೇ ಹೇಳಿ ಹೇಳಿ ಮಾಡಿಸಿದಳು. ಊರನ್ನು ಆರಿಸುವ ಕೆಲಸ ಮಾತ್ರ ತಂದೆತಾಯಿಗಳ ಪಾಲಿಗೆ ಉಳಿಯಿತು.

ರಾಯರ ಮನಸ್ಸು ಮೊದಲು ಹೋದದ್ದು ನ್ಯೂರೆಂಬರ್ಗಿನ ಕಡೆಗೆ. ಕೋಟೆ, ಕಡಿದಾದ ಕೆಂಪು ಮಾಡುಗಳು, ಚಿತ್ರಕಾರ ಡ್ಯೂರರನ ಮನೆ. ಇವನ್ನೆಲ್ಲ ಅವರು ಪಂಚಾಂಗದ ಚಿತ್ರಗಳಲ್ಲಿ ಕಂಡಿದ್ದರು. ಆದರೆ ಓದುತ್ತ ಹೋದಂತೆ, 1945ರ ಜನವರಿ 2ರ ರಾತ್ರಿ ಆ ಹಳೆಯ ಪಟ್ಟಣದ ಬಹುಭಾಗವು ಬಾಂಬಿನ ಮಳೆಗೆ ನೆಲಸಮವಾಯಿತೆಂದೂ, ಈಗ ಕಾಣುವ ಹಳಮೆಯಲ್ಲಿ ಬಹುಪಾಲು ಯುದ್ಧಾನಂತರ ಮತ್ತೆ ಕಟ್ಟಿದ್ದೆಂದೂ ತಿಳಿದುಬಂದಿತು. ಅದೇ ವರ್ಷದ ಮಾರ್ಚ್ 31ರಂದು ರೋಟೆನ್‌ಬುರ್ಗಿನ ಒಂದು ಭಾಗಕ್ಕೂ ಅದೇ ಗತಿಯಾಗಿತ್ತು. ರಾಯರಿಗೆ ಮೋಸಹೋದಂತೆ ಅನಿಸಿತು.

"ಸುಟ್ಟ ಮನಿ ಮತ್ತ ಕಟ್ಟಿಕೊಂಡವರಿಗೆ ಮೋಸಗಾರರು ಅಂತಾರೇನ್ರಿ?" ಎಂದು ಪತ್ನಿ ಕೇಳಿದರು. ರಾಯರ ಬಳಿ ಉತ್ತರವಿರಲಿಲ್ಲ. ಆದರೂ ಆ ಎರಡು ಊರುಗಳ ಹೆಸರುಗಳ ಮೇಲೆ ಪೆನ್ಸಿಲ್ ಎಳೆದಾಗಿತ್ತು.

ಮೂರನೆಯ ಹೆಸರು ಟ್ಯೂಬಿಂಗೆನ್. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಒಂದು ತಾಸಿನ ದಾರಿ. ನೆಕ್ಕರ್ ನದಿಯ ದಂಡೆಯ ಮೇಲೆ, ಗುಡ್ಡದ ಇಳಿಜಾರಿನಲ್ಲಿ ಏರಿಳಿದು ನಿಂತ ಊರು. ಜನಸಂಖ್ಯೆ ಸುಮಾರು 90 ಸಾವಿರ. ಅದರಲ್ಲಿ ವಿದ್ಯಾರ್ಥಿಗಳ ಪಾಲು ದೊಡ್ಡದು. ವಿಶ್ವವಿದ್ಯಾಲಯವನ್ನು 1477ರಲ್ಲಿ ಗಡ್ಡದ ಎಬರ್ಹಾರ್ಡನೆಂದು ಹೆಸರಾದ ದೊರೆ ಸ್ಥಾಪಿಸಿದನು. ಇಲ್ಲಿಯ ಮರದ ಚೌಕಟ್ಟಿನ ಹಳೆಯ ಮನೆಗಳು ಬಹುಮಟ್ಟಿಗೆ ಹಾಗೆಯೇ ಉಳಿದಿವೆ. ಅದಕ್ಕೊಂದು ಕಾರಣವುಂಟು. ಯುದ್ಧದ ಕೊನೆಯಲ್ಲಿ ಗಾಯಾಳುಗಳಿಂದ ತುಂಬಿದ್ದ ಈ ಊರಿನಲ್ಲಿ ಕಾದಾಟವಾಗಬಾರದೆಂದು ಥಿಯೊಡೋರ್ ಡೋಬ್ಲರ್ ಎಂಬ ಸೈನ್ಯದ ವೈದ್ಯನು ಶ್ರಮಿಸಿದನು. 1945ರ ಏಪ್ರಿಲ್ 19ರಂದು ಊರು ಹೋರಾಟವಿಲ್ಲದೆ ಫ್ರೆಂಚರ ವಶವಾಯಿತು. ಪ್ರವಾಸಿಗಳು ಛಾಯಾಚಿತ್ರ ತೆಗೆಯುವ ಬೀದಿಗಳು ಈ ವೈದ್ಯನ ಋಣದಲ್ಲಿ ನಿಂತಿವೆ ಎಂದರೆ ಹೆಚ್ಚಾಗದು.

ಆದರೆ ರಾಯರು ಈ ಊರನ್ನು ಹಿಡಿದದ್ದು ಬೇರೆ ಕಾರಣಕ್ಕೆ. ಅದನ್ನು ಅವರು ಮಗಳಿಗೆ ಹೇಳಿರಲಿಲ್ಲ. ಫರ್ಡಿನಾಂಡ್ ಕಿಟೆಲ್ಲರು ತೀರಿಕೊಂಡದ್ದು ಇಲ್ಲಿ, 1903ರಲ್ಲಿ. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಕನ್ನಡನಾಡಿಗೆ ಬಂದ ಆ ಮನುಷ್ಯನು ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿ, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ನಾಡಿನ ಕೈಗಿತ್ತನು. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಅವನಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ರಾಯರು ಮೊದಲ ಸಂಬಳದಲ್ಲಿ ಕೊಂಡದ್ದು ಆ ನಿಘಂಟಿನ ಮರುಮುದ್ರಣವನ್ನು. ಆ ತಿಂಗಳ ಮಿಕ್ಕ ದಿನಗಳನ್ನು ಮನೆಯವರು ಹೇಗೆ ಕಳೆದರೆಂಬುದು ಪತ್ನಿಗೆ ಈಗಲೂ ನೆನಪಿದೆ.

ಊರು ನಿಶ್ಚಯವಾದ ಮೇಲೆ ಪಟ್ಟಿ ಬೆಳೆಯತೊಡಗಿತು. ಮಾರುಕಟ್ಟೆಯ ಚೌಕ, 1435ರ ನಗರಭವನ, ಅದರ ಹಣೆಯ ಮೇಲೆ 1511ರ ಖಗೋಲ ಗಡಿಯಾರ, ದೊರೆಗಳ ಸಮಾಧಿಗಳಿರುವ ಚರ್ಚು, ಅದರ ಗೋಪುರ, ಕೆಪ್ಲರನೂ ಹೆಗೆಲನೂ ಓದಿದ ಮಠ, ಹರ್ಮನ್ ಹೆಸ್ಸೆಯು 1895ರಿಂದ ನಾಲ್ಕು ವರ್ಷ ದುಡಿದ ಪುಸ್ತಕದಂಗಡಿ, ಊರಾಚೆ ಕಾಡಿನಂಚಿನ ಬೇಬೆನ್‌ಹೌಸೆನ್ ಸಂನ್ಯಾಸಿಮಠ, ಗುಂಡರ್ಟರ ಹಸ್ತಪ್ರತಿಗಳಿರುವ ಗ್ರಂಥಾಲಯ. ಹತ್ತೊಂಬತ್ತು ಬಾಬುಗಳಾದಾಗ ಪತ್ನಿ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು, "ಊರು ನೋಡ್ಲಿಕ್ಕೆ ಹೊಂಟೀವೋ, ಹಾಜರಿ ತಗೊಳ್ಳಿಕ್ಕೆ ಹೊಂಟೀವೋ?" ಎಂದರು.

ಮೊದಲು ತಿಂಗಳು, ವಾರಗಳ ವಿಚಾರ. ಚಳಿಗಾಲದಲ್ಲಿ ಅಲ್ಲಿ ಸಂಜೆ ಐದಕ್ಕೆ ಮೊದಲೇ ಕತ್ತಲೆ. ಜೂನಿನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಸೋಮವಾರ ಅನೇಕ ವಸ್ತುಸಂಗ್ರಹಾಲಯಗಳಿಗೆ ಬಿಡುವು. ಚೌಕದಲ್ಲಿ ಸಂತೆ ಸೋಮವಾರ, ಬುಧವಾರ, ಶುಕ್ರವಾರ. ಬುಧವಾರ ಹೋಗಿ ಶುಕ್ರವಾರ ಮರಳಿದರೆ ಎರಡು ಸಂತೆ ಸಿಕ್ಕುವುವೆಂದು ಲೆಕ್ಕ ಹಾಕಿದಾಗ ರಾಯರಿಗಾದ ಸಂತೋಷ ಅಷ್ಟಿಷ್ಟಲ್ಲ. ಬೇಸಿಗೆಯ ಒಂದು ಗುರುವಾರ, ಕ್ರೈಸ್ತರ ಹಬ್ಬದ ದಿನ, ವಿದ್ಯಾರ್ಥಿಗಳು ದೋಣಿಗಳ ಪಂದ್ಯ ನಡೆಸುತ್ತಾರೆ. ಅದೇ ವಾರ ಹೋಗುವ ಆಸೆಯೂ ಆಯಿತು. ಆ ವಾರ ತಂಗಲು ಕೋಣೆ ಸಿಕ್ಕುವುದು ಕಷ್ಟವೆಂದು ಮಗಳು ತಿಳಿಸಿದಳು. ಹದಿನೈದು ದಿನ ಮುಂದಕ್ಕೆ ಹಾಕಿದರು.

ಆಮೇಲೆ ಮೊಣಕಾಲಿನ ವಿಚಾರ. ಪತ್ನಿಯ ಮೊಣಕಾಲಿಗೆ ಎರಡು ವರ್ಷಗಳಿಂದ ನೋವು. ಆ ಊರಿನ ಓಣಿಗಳಾದರೋ ಕಲ್ಲುಹಾಸಿನವು, ಕಡಿದಾದವು. ಎಲ್ಲಕ್ಕೂ ಮೇಲೆ ಕೋಟೆ. ರಾಯರು ಉದಾರರಾಗಿ, ಕೋಟೆಯನ್ನು ಬಿಟ್ಟುಬಿಡೋಣವೆಂದರು. ಪತ್ನಿ ಒಪ್ಪಲಿಲ್ಲ. ಆ ಕೋಟೆಯ ಹಳೆಯ ಅಡಿಗೆಮನೆಯು ಒಂದು ಕಾಲಕ್ಕೆ ವಿಶ್ವವಿದ್ಯಾಲಯದ ರಸಾಯನಶಾಲೆಯಾಗಿತ್ತು. ಫ್ರೀಡ್ರಿಕ್ ಮೀಷರ್ ಎಂಬ ಯುವಕನು ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ ಜೀವಕೋಶಗಳನ್ನು ತೊಳೆದು ತೆಗೆದು, ಅವುಗಳ ನಡುವಣ ಬೀಜದಲ್ಲಿ ಯಾರೂ ಕಂಡಿರದ ಒಂದು ವಸ್ತುವನ್ನು 1869ರಲ್ಲಿ ಕಂಡದ್ದು ಅಲ್ಲಿ. ಇಂದು ಡಿ.ಎನ್.ಎ. ಎಂದು ಶಾಲೆಯ ಮಕ್ಕಳೂ ಬಲ್ಲರು. "ಮೂವತ್ತು ವರ್ಷ ಕರೀಹಲಗೆ ಮೇಲೆ ಬರದೀನಿ. ಅದು ಒಲಿ ಮುಂದ ಹುಟ್ಟಿದ್ದು ಅಂತ ಯಾವ ಹುಡುಗರಿಗೂ ಹೇಳಲಿಲ್ಲ, ನನಗ ಗೊತ್ತಿದ್ದಿಲ್ಲ. ಕೂತು ಕೂತು ಏರತೀನಿ" ಎಂದರು. ಅದೇ ಕೋಟೆಯಲ್ಲಿ ಸುಮಾರು 40 ಸಾವಿರ ವರ್ಷಗಳ ಹಿಂದೆ ಆನೆಯ ಸಂಬಂಧಿಯಾದ ಮ್ಯಾಮತ್ತಿನ ದಂತದಲ್ಲಿ ಕೆತ್ತಿದ, ಎರಡು ಅಂಗುಲಕ್ಕೂ ಕಿರಿದಾದ ಕುದುರೆಯ ಬೊಂಬೆಯೂ ಉಂಟು. ಕೋಟೆ ಉಳಿಯಿತು. ಗುರುವಾರದ ಬೆಳಗು ಪೂರ್ತಿ ಅದಕ್ಕೆ.

ಅದು ಉಳಿದ ಕಾರಣ ಬೇರೆ ಅನೇಕವು ಹೋದವು. ಚರ್ಚಿನ ಗೋಪುರ ಹೋಯಿತು, ಬೇಬೆನ್‌ಹೌಸೆನ್ ಹೋಯಿತು. ಗುಂಡರ್ಟರ ಹಸ್ತಪ್ರತಿಗಳನ್ನು ಈಗ ಧಾರವಾಡದಲ್ಲಿಯೇ ಕುಳಿತು ಗಣಕಯಂತ್ರದಲ್ಲಿ ಓದಬಹುದಾದುದರಿಂದ ಗ್ರಂಥಾಲಯವೂ ಹೋಯಿತು. ರಾಯರೇ ಹೊಡೆದುಹಾಕಲು ಹೊರಟಿದ್ದ ಒಂದು ಬಾಬನ್ನು ಪತ್ನಿ ತಡೆದರು: 1938ರ ನವೆಂಬರಿನಲ್ಲಿ ಸುಟ್ಟ ಯೆಹೂದ್ಯರ ಪ್ರಾರ್ಥನಾಮಂದಿರದ ಜಾಗ. ಅಲ್ಲಿ ಈಗ ಸ್ಮಾರಕವಲ್ಲದೆ ನೋಡತಕ್ಕದ್ದೇನೂ ಇಲ್ಲವೆಂದರು ರಾಯರು. ಉಳಿದದ್ದನ್ನೆಲ್ಲ ಉಳಿಸಿದ ಊರಿನಲ್ಲಿ ಉಳಿಯದ್ದು ಯಾವುದೆಂದು ನೋಡಬಾರದೇಕೆ ಎಂದರು ಪತ್ನಿ.

ಊಟದ ಪ್ರಶ್ನೆ ಅರ್ಧ ತಾಸಿನಲ್ಲಿ ತೀರಿತು. ಅಲ್ಲಿಯ ಪ್ರಸಿದ್ಧ ಮೌಲ್ಟಾಶೆನ್ ಎಂಬ ಕಡುಬಿನೊಳಗೆ ಸಾಮಾನ್ಯವಾಗಿ ಮಾಂಸವಿರುವುದು, ಕೇಳದೆ ಮುಟ್ಟಬಾರದು. ಗಿಣ್ಣು ಬೆರೆಸಿದ ಶ್ಪೆಟ್ಸ್ಲೆ ಎಂಬ ಶ್ಯಾವಿಗೆಯಂಥ ತಿನಿಸು ನಡೆದೀತು, ಮೊಟ್ಟೆ ಆಗುವವರಿಗೆ. ಆಗದಿದ್ದರೆ ಬ್ರೆಡ್ಡು, ಹಣ್ಣು, ಮನೆಯ ಚಟ್ನಿಪುಡಿ.

ನದಿಯಂಚಿನ ಹಳದಿ ಗೋಪುರದ ಮೇಲೆ ಮಾತ್ರ ಇಬ್ಬರಿಗೂ ಸಮನಾದ ಆಸೆ. ಬುದ್ಧಿಭ್ರಮಣೆಯಾದ ಕವಿ ಹೋಲ್ಡರ್ಲಿನನನ್ನು ಬಡಗಿಯೊಬ್ಬನು ತನ್ನ ಮನೆಯಲ್ಲಿಟ್ಟುಕೊಂಡನು. 1807ರಿಂದ 1843ರ ವರೆಗೆ, ಮೂವತ್ತಾರು ವರ್ಷ, ಕವಿಯ ಬಾಳು ಅಲ್ಲಿಯೇ ಕಳೆಯಿತು. ಆ ಗೋಪುರವೂ 1875ರಲ್ಲಿ ಸುಟ್ಟು ಮತ್ತೆ ಕಟ್ಟಿದ್ದೆಂದು ಓದಿದಾಗ ರಾಯರು ಹೆಂಡತಿಯ ಮುಖ ನೋಡಿದರು. ಈ ಸಲ ಪೆನ್ಸಿಲ್ ಎಳೆಯಲಿಲ್ಲ. ಮುಂದೆ ಮಂಗಳೂರಿನಲ್ಲಿ 1843ರಲ್ಲಿಯೇ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು 1830ರ ದಶಕದ ಮೊದಲಿನಲ್ಲಿ ಇದೇ ಊರಿನ ವಿದ್ಯಾರ್ಥಿ. ಆಗ ಕವಿ ಇನ್ನೂ ಆ ಕಿಟಕಿಯ ಹಿಂದೆ ಇದ್ದನು. ಗೋಪುರದ ಮುಂದೆ ನದಿಯಲ್ಲಿ ಚಪ್ಪಟೆ ತಳದ ಉದ್ದ ದೋಣಿಗಳನ್ನು ಗಳ ಊರಿ ನಡೆಸುವರು. ಶುಕ್ರವಾರದ ಸಂತೆಯಾದ ಮೇಲೆ ಒಂದು ತಾಸು ದೋಣಿ ಎಂದು ಬರೆದಾಯಿತು.

ಹತ್ತೊಂಬತ್ತು ಬಾಬುಗಳು ಏಳಾದವು. ಗುರುವಾರ ಮಧ್ಯಾಹ್ನದ ಎದುರಿಗೆ ರಾಯರು ಒಂದೇ ಹೆಸರನ್ನು ಬರೆದರು: ಕಿಟೆಲ್. ಮಗಳು ದೂರವಾಣಿಯಲ್ಲಿ ಪಟ್ಟಿಯನ್ನು ಕೇಳುತ್ತ ಅಲ್ಲಿ ತಡೆದು, ಅದು ಎಷ್ಟು ಹೊತ್ತಿಗೆ ತೆರೆಯುವುದು, ಟಿಕೀಟು ಮೊದಲೇ ಕೊಳ್ಳಬೇಕೋ ಎಂದು ವಿಚಾರಿಸಿದಳು. ರಾಯರಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಪತ್ನಿ ದೂರವಾಣಿಯನ್ನು ಇಸಿದುಕೊಂಡರು.

"ಅದಕ್ಕ ಟಿಕೀಟಿಲ್ಲವ್ವಾ. ನಿಮ್ಮಪ್ಪ ಹೊಳೀ ದಂಡಿಗೆ ಸುಮ್ಮನ ಕೂಡೋರಿದ್ದಾರ. ನಾನೂ ಕೂಡತೀನಿ, ಮುಂಜಾನೆ ಕೋಟಿ ಏರಿ ಬಂದಿರತೀನಲ್ಲ. ಅದಿರಲಿ, ಆ ಹೋಟೆಲ್ಲಿನವರಿಗೆ ಲಿಫ್ಟ್ ಐತೇನು ಅಂತ ಕೇಳಿದ್ಯಾ?"